ಪ್ರೋಗ್ರಾಂ ದೊಡ್ಡದು ಬೀಳುತ್ತೆ ಅಂದಿತ್ತು, ಬಿದ್ದದ್ದು ಚಿಕ್ಕ ಇನ್ವರ್ಟರ್

ಪ್ರಶ್ನೆ: ಸರ್, ನಮಸ್ಕಾರ. ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತೇನೆ. ಬಿ.ಇ. ಓದಿದ್ದು ಹುಬ್ಬಳ್ಳಿಯಲ್ಲಿ. ಲೈನ್ ಹೋದಾಗ ಎರಡು ಬ್ಯಾಟರಿ ಇನ್ವರ್ಟರ್ ಸೇರಿ ಇಡೀ ಸ್ಟೋರೇಜ್ ನಡೆಸುತ್ತವೆ. ಒಂದು 100 ಕಿಲೋವ್ಯಾಟ್, ಇನ್ನೊಂದು 50. ದೊಡ್ಡದು ಮೇನ್ ಪ್ಯಾನೆಲ್‌ನಿಂದ 20 ಮೀಟರ್, 95 ಸ್ಕ್ವೇರ್ ಎಂಎಂ ಅಲ್ಯುಮಿನಿಯಂ ಕೇಬಲ್. ಚಿಕ್ಕದು ಹಿಂದಿನ ಶೆಡ್‌ನಲ್ಲಿದೆ, 150 ಮೀಟರ್, 35 ಸ್ಕ್ವೇರ್ ಎಂಎಂ. ಎರಡಕ್ಕೂ ಡ್ರೂಪ್ ಒಂದೇ ಇಟ್ಟಿದ್ದೇವೆ: ಖಾಲಿ ಇದ್ದಾಗ 50.5 ಹರ್ಟ್ಜ್, ಆಮೇಲೆ ಕಿಲೋವ್ಯಾಟ್‌ಗೆ 0.01 ಹರ್ಟ್ಜ್ ಇಳಿಕೆ. ಒಂದು ಕಂಪ್ರೆಸರ್ ನಡೆಯುವಾಗ ಒಟ್ಟು 93 ಕಿಲೋವ್ಯಾಟ್. ಎರಡನೆಯದನ್ನೂ ಹಾಕಿದರೆ 123. ಹಾಕಿದ ಒಂದು ನಿಮಿಷಕ್ಕೆ ಚಿಕ್ಕ ಇನ್ವರ್ಟರ್ ಓವರ್‌ಲೋಡ್ ಅಂತ ಟ್ರಿಪ್ ಆಗುತ್ತದೆ. ಅದರ ಹಿಂದೆಯೇ ದೊಡ್ಡದೂ ಬೀಳುತ್ತದೆ. ಆರು ಬಸ್‌ಗಳ (ಕೇಬಲ್‌ಗಳು ಕೂಡುವ ಜಾಗಗಳ) ಲೋಡ್ ಫ್ಲೋ ಪ್ರೋಗ್ರಾಂ, ಅಂದರೆ ಎಲ್ಲಿ ಎಷ್ಟು ವೋಲ್ಟೇಜ್, ಎಷ್ಟು ಕಿಲೋವ್ಯಾಟ್ ಅಂತ ಲೆಕ್ಕ ಹಾಕುವ ಪ್ರೋಗ್ರಾಂ, ಬರೆದು ನೋಡಿದೆ. ದೊಡ್ಡದನ್ನು ಸ್ಲಾಕ್ ಬಸ್ (ಉಳಿದ ಕೊರತೆಯನ್ನೆಲ್ಲ ತುಂಬುವ ಬಸ್) ಮಾಡಿ, ಚಿಕ್ಕದಕ್ಕೆ 20 ಕಿಲೋವ್ಯಾಟ್ ಕೊಟ್ಟೆ. ಅದರ ಪ್ರಕಾರ ದೊಡ್ಡದರ ಮೇಲೆ 103 ಬರುತ್ತದೆ, ಚಿಕ್ಕದು ಆರಾಮಾಗಿರುತ್ತದೆ. ನಿಜದಲ್ಲಿ ಉಲ್ಟಾ. ಚಿಕ್ಕದನ್ನು ಸ್ಲಾಕ್ ಮಾಡಿದರೂ ಮೀಟರ್‌ಗೆ ಹೊಂದುವುದಿಲ್ಲ. ತಪ್ಪು ಎಲ್ಲಿದೆ? ಮುಂದೆ ಡಿಜಿ (ಡೀಸೆಲ್ ಜನರೇಟರ್) ಮತ್ತು ಸೋಲಾರ್ ಸೇರಿಸುವ ವಿಚಾರವೂ ಇದೆ.

ಉತ್ತರ: ನಿಮ್ಮ ಪ್ರೋಗ್ರಾಂನ ಲೆಕ್ಕದಲ್ಲಿ ತಪ್ಪಿಲ್ಲ. ಅದಕ್ಕೆ ನೀವು ಕೇಳಿದ ಪ್ರಶ್ನೆಯೇ ನಿಮ್ಮ ಸ್ಟೋರೇಜ್‌ನದ್ದಲ್ಲ. ಕಾಲೇಜಿನಲ್ಲಿ ನಾವು ಕಲಿಸುವ ಲೋಡ್ ಫ್ಲೋ ದೊಡ್ಡ ಗ್ರಿಡ್‌ಗೆ ಹುಟ್ಟಿದ್ದು. ಲೈನ್ ಹೋದ ಕ್ಷಣದಿಂದ ನಿಮ್ಮ ಸ್ಟೋರೇಜ್ ಒಂದು ನಡುಗಡ್ಡೆ. ಅಲ್ಲಿ ಸ್ಲಾಕ್ ಬಸ್ ಅನ್ನುವುದೇ ಇಲ್ಲ. ಇಲ್ಲದ್ದನ್ನು ಇದೆ ಅಂತ ಬರೆದಿದ್ದಕ್ಕೆ ಪ್ರೋಗ್ರಾಂ ಇಲ್ಲದ ಉತ್ತರ ಕೊಟ್ಟಿದೆ.

ಸ್ಲಾಕ್ ಬಸ್ ಅಂದರೆ ಏನು ಅಂತ ಮೊದಲಿನಿಂದ ನೋಡೋಣ. ಪರೀಕ್ಷೆಯಲ್ಲಿ ಇದಕ್ಕೆ ಒಂದು ಸಾಲಿನ ಉತ್ತರ ಬರೆದು ಮುಂದೆ ಹೋಗುತ್ತೇವೆ. ಆದರೆ ಆ ಒಂದು ಬಸ್ ಮೂರು ಕೆಲಸ ಮಾಡುತ್ತದೆ. ಉಳಿದ ಎಲ್ಲ ಬಸ್‌ಗಳ ಆಂಗಲ್ (ವೋಲ್ಟೇಜ್ ಅಲೆ ಎಷ್ಟು ಹಿಂದೆ ಮುಂದೆ ಇದೆ ಅನ್ನುವುದು) ಅಳೆಯಲು ಸೊನ್ನೆ ಎಲ್ಲಿ ಅಂತ ಅದು ತೋರಿಸುತ್ತದೆ. ತನ್ನ ವೋಲ್ಟೇಜನ್ನು ಏನೇ ಆದರೂ ಬಿಟ್ಟುಕೊಡುವುದಿಲ್ಲ. ಮೂರನೆಯದು ದೊಡ್ಡದು: ಎಲ್ಲರ ಲೆಕ್ಕ ಮುಗಿದ ಮೇಲೆ ಉಳಿದ ಕೊರತೆಯನ್ನೆಲ್ಲ, ಕೇಬಲ್‌ನಲ್ಲಿ ಸೋರಿದ್ದೂ ಸೇರಿ, ತಾನೇ ತುಂಬುತ್ತದೆ. ಎಷ್ಟು ಕೇಳಿದರೂ ಕೊಡುತ್ತದೆ, ಫ್ರೀಕ್ವೆನ್ಸಿಯೂ 50ರಿಂದ ಕದಲುವುದಿಲ್ಲ.

ಹೆಸ್ಕಾಂ ಲೈನ್ ಇದ್ದಾಗ ಇದು ಹೆಚ್ಚು ಕಡಿಮೆ ನಿಜವೇ. ನಿಮ್ಮ ಟ್ರಾನ್ಸ್‌ಫಾರ್ಮರ್ ಹಿಂದೆ ಇಡೀ ದೇಶದ ಗ್ರಿಡ್ ನಿಂತಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆಗಿ ದಕ್ಷಿಣದ ಗ್ರಿಡ್ ಉಳಿದ ದೇಶದ ಜೊತೆ ಒಂದೇ ಫ್ರೀಕ್ವೆನ್ಸಿಗೆ ಬಂತು. ಅಂದಿನಿಂದ ಬ್ಯಾಡಗಿಯ ಮೋಟರೂ ಪಂಜಾಬಿನ ಮೋಟರೂ ಒಂದೇ ತಾಳಕ್ಕೆ ತಿರುಗುತ್ತಿವೆ. 2024ರ ಮೇ ತಿಂಗಳಲ್ಲಿ ದೇಶದ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿತ್ತು. ನಿಮ್ಮ ಎರಡನೇ ಕಂಪ್ರೆಸರ್‌ನ 30 ಕಿಲೋವ್ಯಾಟ್ ಅದರಲ್ಲಿ 80 ಲಕ್ಷದಲ್ಲಿ ಒಂದು ಪಾಲು. ಕೆರೆಯಿಂದ ಒಂದು ತಂಬಿಗೆ ನೀರು ತೆಗೆದರೆ ನೀರಿನ ಮಟ್ಟ ಇಳಿದದ್ದು ಯಾರಿಗೆ ಕಾಣುತ್ತದೆ? ಹಾಗಾಗಿ ಗ್ರಿಡ್ಡನ್ನು ಸ್ಲಾಕ್ ಅಂತ ಬರೆಯುವುದು ಸರಿ.

ಲೈನ್ ಹೋದ ಮೇಲೆ ಕೆರೆ ಇಲ್ಲ, ಒಂದು ಹಂಡೆ ಇದೆ. ತೆಗೆದ ಪ್ರತಿ ತಂಬಿಗೆಗೂ ಮಟ್ಟ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಆ ಮಟ್ಟವೇ ಫ್ರೀಕ್ವೆನ್ಸಿ. ನಿಮ್ಮ ಎರಡೂ ಇನ್ವರ್ಟರ್‌ಗಳು ಒಂದರ ಜೊತೆ ಒಂದು ಮಾತಾಡುವುದಿಲ್ಲ, ನಡುವೆ ಸಿಗ್ನಲ್ ವೈರೂ ಇಲ್ಲ. ಎರಡೂ ಆ ಮಟ್ಟವನ್ನು ನೋಡಿಯೇ ತಮ್ಮ ಪಾಲು ಎಷ್ಟು ಅಂತ ತೀರ್ಮಾನಿಸುತ್ತವೆ. ತನ್ನ ಮೇಲೆ ಹೊರೆ ಬಿದ್ದಷ್ಟೂ ತನ್ನ ಫ್ರೀಕ್ವೆನ್ಸಿಯನ್ನು ಸ್ವಲ್ಪ ಸ್ವಲ್ಪ ಇಳಿಸುವುದು, ಇದೇ ಡ್ರೂಪ್. ದೊಡ್ಡ ಜನರೇಟರ್‌ಗಳ ಗವರ್ನರ್‌ಗಳಲ್ಲಿ (ವೇಗ ಹಿಡಿತದಲ್ಲಿಡುವ ಸಾಧನಗಳಲ್ಲಿ) ಇದು ಹಳೆಯ ಪದ್ಧತಿ. ಅದನ್ನು ಸಮಾಂತರವಾಗಿ ಜೋಡಿಸಿದ ಇನ್ವರ್ಟರ್‌ಗಳಿಗೆ ತಂದು, ವೈರ್ ಇಲ್ಲದೆಯೂ ಲೋಡ್ ಹಂಚಬಹುದು ಅಂತ 1993ರ ಒಂದು ಪ್ರಬಂಧದಲ್ಲಿ ಮುಕುಲ್ ಚಂದೋರ್ಕರ್, ದೀಪಕ್ ದಿವಾನ್ ಮತ್ತು ರಾಮ್‌ಬಾಬು ಅಡಪ ತೋರಿಸಿದರು. ಇಂದು ನಿಮ್ಮ ಶೆಡ್‌ನಲ್ಲಿ ನಡೆಯುತ್ತಿರುವುದು ಅದೇ ಉಪಾಯ.

ಈಗ ನಿಮ್ಮದೇ ಅಂಕಿಗಳನ್ನು ಹಾಕೋಣ. ಪೆನ್ನು ಹಿಡಿದುಕೊಳ್ಳಿ, ಕಂಪ್ಯೂಟರ್ ಬೇಡ.

ಎರಡೂ ಇನ್ವರ್ಟರ್ 50.5ರಿಂದ ಹೊರಡುತ್ತವೆ. ಎರಡೂ ಕಿಲೋವ್ಯಾಟ್‌ಗೆ 0.01 ಇಳಿಯುತ್ತವೆ. ಎರಡರ ಫ್ರೀಕ್ವೆನ್ಸಿ ಒಂದೇ ಇರಬೇಕು, ಏಕೆಂದರೆ ಒಂದೇ ಪ್ಯಾನೆಲ್‌ಗೆ ಜೋಡಿಸಿದ್ದೀರಿ. ಇಳಿಕೆ ಒಂದೇ ಆದರೆ ಹೊರೆಯೂ ಒಂದೇ ಆಗಬೇಕು, ಅಲ್ವಾ? 93 ಕಿಲೋವ್ಯಾಟ್‌ಗೆ ತಲಾ 46.5. ಫ್ರೀಕ್ವೆನ್ಸಿ 50.035. ಮೀಟರ್‌ನಲ್ಲಿ ನಿಮಗೆ 50.03 ಅಥವಾ 50.04 ಕಂಡಿರಬೇಕು. ಎಲ್ಲ ಚೆನ್ನಾಗಿದೆ ಅಂದುಕೊಂಡಿರುತ್ತೀರಿ. ಆದರೆ ಆಗಲೇ 50ರ ಇನ್ವರ್ಟರ್ ತನ್ನ ಶಕ್ತಿಯ ನೂರಕ್ಕೆ 93ರಷ್ಟು ಎಳೆಯುತ್ತಿದೆ, ಪಕ್ಕದ 100ರದ್ದು ಅರ್ಧ ಶಕ್ತಿಯನ್ನೂ ಬಳಸುತ್ತಿಲ್ಲ. ಎರಡನೇ ಕಂಪ್ರೆಸರ್ ಹಾಕಿದಿರಿ. 123 ಆಯಿತು. ತಲಾ 61.5. ಚಿಕ್ಕದು ಒಂದಿಷ್ಟು ಹೊತ್ತು ತಡೆದುಕೊಂಡು ಬೀಳುತ್ತದೆ. ಆಗ ಪೂರ್ತಿ 123 ದೊಡ್ಡದರ ಮೇಲೆ. ಅದೂ ಬೀಳುತ್ತದೆ. ಕತ್ತಲೆ.

ನೀವು ಬರೆದದ್ದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಟ್ರಿಪ್ ಆಗಲು ಒಂದು ನಿಮಿಷ ಬೇಕಾಯಿತು ಅಂದಿದ್ದೀರಲ್ಲ, ಆ ಒಂದು ಮಾತು ನನಗೆ ತುಂಬಾ ಸಹಾಯ ಮಾಡಿತು. ಸ್ಟಾರ್ಟ್ ಮಾಡಿದ ಕ್ಷಣದಲ್ಲೇ ಬಿದ್ದಿದ್ದರೆ ಅದು ಮೋಟರ್‌ನ ಸ್ಟಾರ್ಟಿಂಗ್ ಕರೆಂಟ್‌ನ ತೊಂದರೆ. ಲೋಡ್ ಫ್ಲೋಗೆ ಅದು ಕಾಣುವುದೇ ಇಲ್ಲ. ಎಲ್ಲ ಸ್ಥಿರವಾಗಿ ನಿಂತ ಮೇಲಿನ ಚಿತ್ರವಷ್ಟೇ ಅದಕ್ಕೆ ಗೊತ್ತು.

ಎರಡಕ್ಕೂ ಒಂದೇ ಸೆಟ್ಟಿಂಗ್ ಹಾಕಿದ್ದು ನ್ಯಾಯ ಅಂತ ಅನಿಸಿರಬೇಕು. ತುಂಬಾ ಜನ ಹೀಗೆಯೇ ಮಾಡುತ್ತಾರೆ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ನಮ್ಮ ರೈತರನ್ನು ನೋಡಿ. ಬಲಿತ ಎತ್ತಿನ ಜೊತೆ ಎಳೆಯ ಎತ್ತು ಹೂಡುವಾಗ ನೊಗದ ನಟ್ಟನಡುವೆ ಕಟ್ಟುವುದಿಲ್ಲ. ಸ್ವಲ್ಪ ಸರಿಸಿ ಕಟ್ಟುತ್ತಾರೆ. ಎಳೆಯದರ ಕಡೆ ನೊಗ ಉದ್ದ, ಬಲಿತದ್ದರ ಕಡೆ ಗಿಡ್ಡ. ಉದ್ದ ಇದ್ದ ಕಡೆ ಭಾರ ಕಡಿಮೆ. ಡ್ರೂಪ್ ಅಂದರೆ ನೊಗ ಎಲ್ಲಿ ಕಟ್ಟಿದ್ದೀರಿ ಅನ್ನುವುದು. ನೀವು ನಟ್ಟನಡುವೆ ಕಟ್ಟಿದ್ದೀರಿ.

ಚಿಕ್ಕದರ ಡ್ರೂಪನ್ನು ಕಿಲೋವ್ಯಾಟ್‌ಗೆ 0.02 ಮಾಡಿ. ಆಗ ಎರಡೂ ತಮ್ಮ ಪೂರ್ತಿ ಶಕ್ತಿಗೆ ಸರಿಯಾಗಿ 1 ಹರ್ಟ್ಜ್ ಇಳಿಯುತ್ತವೆ. ದೊಡ್ಡದು 100 ಕಿಲೋವ್ಯಾಟ್‌ಗೆ, ಚಿಕ್ಕದು 50ಕ್ಕೆ. ಅಂದರೆ ಫ್ರೀಕ್ವೆನ್ಸಿ 1 ಹರ್ಟ್ಜ್ ಇಳಿದರೆ ಎರಡೂ ಸೇರಿ 150 ಕಿಲೋವ್ಯಾಟ್ ಕೊಡುತ್ತವೆ. ಈ 150ನ್ನು ನೆನಪಿಟ್ಟುಕೊಳ್ಳಿ, ಮುಂದೆಲ್ಲ ಇದೇ ಕೆಲಸಕ್ಕೆ ಬರುತ್ತದೆ. 93ಕ್ಕೆ ಇಳಿಕೆ 93 ಭಾಗ 150, ಅಂದರೆ 0.62. ಫ್ರೀಕ್ವೆನ್ಸಿ 49.88. ದೊಡ್ಡದು 62, ಚಿಕ್ಕದು 31. ಎರಡನೇ ಕಂಪ್ರೆಸರ್ ಹಾಕಿ. 123 ಭಾಗ 150, ಅಂದರೆ 0.82. ಫ್ರೀಕ್ವೆನ್ಸಿ 49.68. ದೊಡ್ಡದು 82, ಚಿಕ್ಕದು 41. ಎರಡೂ ನೂರಕ್ಕೆ 82ರಲ್ಲಿ ನಿಂತಿವೆ. ಯಾರೂ ಬೀಳುವುದಿಲ್ಲ.

ಈಗ ನಿಮ್ಮ ಪ್ರೋಗ್ರಾಂ ಹೇಳಿದ್ದನ್ನು ಪಕ್ಕದಲ್ಲಿಡಿ. ತಪ್ಪು ಸೆಟ್ಟಿಂಗ್ ಇದ್ದಾಗ ಅದು ದೊಡ್ಡದರ ಮೇಲೆ 103 ಅಂದಿತು. ಸರಿ ಸೆಟ್ಟಿಂಗ್ ಹಾಕಿದ ಮೇಲೆ ಕೇಳಿದರೂ 103 ಅಂತಲೇ ಹೇಳುತ್ತದೆ. ಏಕೆಂದರೆ ಡ್ರೂಪ್ ಅನ್ನುವ ಅಂಕಿಯನ್ನು ನೀವು ಅದಕ್ಕೆ ಕೊಟ್ಟೇ ಇಲ್ಲ. ಚಿಕ್ಕದರ 20 ಕಿಲೋವ್ಯಾಟ್ ನೀವು ಕೈಯಿಂದ ಬರೆದದ್ದು. ಇನ್ವರ್ಟರ್‌ಗೆ ಆ 20ರ ಸುದ್ದಿಯೇ ಗೊತ್ತಿಲ್ಲ. ಯಾವುದನ್ನು ಸ್ಲಾಕ್ ಮಾಡಿದರೂ ಮೀಟರ್‌ಗೆ ಹೊಂದದಿರಲು ಇದೇ ಕಾರಣ. ನಡುಗಡ್ಡೆಯಲ್ಲಿ ಕೊರತೆಯನ್ನು ಒಬ್ಬರೇ ಹೊರುವುದಿಲ್ಲ, ಎಲ್ಲರೂ ಹೊರುತ್ತಾರೆ. ಯಾರ ಪಾಲು ಎಷ್ಟು ಅನ್ನುವುದು ಲೆಕ್ಕ ಮುಗಿದ ಮೇಲೆಯೇ ತಿಳಿಯುತ್ತದೆ.

ಹಾಗಾದರೆ ಪ್ರೋಗ್ರಾಂನಲ್ಲಿ ಏನು ಬದಲಿಸಬೇಕು? ಅಂಜಬೇಡಿ, ನೀವು ಬರೆದದ್ದರಲ್ಲಿ ಮುಕ್ಕಾಲು ಪಾಲು ಹಾಗೇ ಉಳಿಯುತ್ತದೆ.

ನಿಮ್ಮಲ್ಲಿ ಆರು ಬಸ್. ಸ್ಲಾಕ್ ಇದ್ದಾಗ ಅದರ ವೋಲ್ಟೇಜೂ ಆಂಗಲ್ಲೂ ಗೊತ್ತಿದ್ದವು. ಉಳಿದ ಐದು ಬಸ್‌ಗಳಿಗೆ ತಲಾ ಎರಡು ಅಂತ ಹತ್ತು ಗೊತ್ತಿಲ್ಲದ ಅಂಕಿಗಳು, ಹತ್ತು ಸಮೀಕರಣ. ಈಗ ಸ್ಲಾಕ್ ತೆಗೆಯಿರಿ. ಆ ಬಸ್‌ನ ಆಂಗಲ್ಲನ್ನು ಸೊನ್ನೆ ಅಂತ ಇಟ್ಟುಕೊಳ್ಳಬಹುದು, ಅದು ಬರೀ ಅಳತೆಯ ಗುರುತು, ಯಾರಿಗೂ ನಷ್ಟವಿಲ್ಲ. ಆದರೆ ಅದರ ವೋಲ್ಟೇಜ್ ಈಗ ಗೊತ್ತಿಲ್ಲ. ಇಡೀ ಸ್ಟೋರೇಜ್‌ನ ಫ್ರೀಕ್ವೆನ್ಸಿಯೂ ಗೊತ್ತಿಲ್ಲ. ಗೊತ್ತಿಲ್ಲದ್ದು ಹನ್ನೆರಡಾಯಿತು. ಸಮೀಕರಣಗಳೂ ಹನ್ನೆರಡಾಗುತ್ತವೆ, ಏಕೆಂದರೆ ಮೊದಲು ಬಿಟ್ಟಿದ್ದ ಸ್ಲಾಕ್ ಬಸ್‌ನ ಆಕ್ಟಿವ್ (ಕೆಲಸ ಮಾಡುವ ಕಿಲೋವ್ಯಾಟ್) ಮತ್ತು ರಿಯಾಕ್ಟಿವ್ (ಮೋಟರ್‌ನ ಕಾಂತಕ್ಷೇತ್ರಕ್ಕಾಗಿ ಹೋಗಿ ಬರುವ ಪವರ್) ಲೆಕ್ಕಗಳನ್ನು ಈಗ ಬರೆಯಲೇಬೇಕು. ಎಷ್ಟು ಚೆನ್ನಾಗಿ ಕೂಡುತ್ತದೆ ನೋಡಿ. ಫ್ರೀಕ್ವೆನ್ಸಿಯನ್ನು ಹೊರಗಿನಿಂದ ತಂದು ಅಂಟಿಸಿದಂತಿಲ್ಲ, ಅದಕ್ಕೊಂದು ಜಾಗ ಮೊದಲೇ ಇತ್ತು.

ಇನ್ವರ್ಟರ್ ಇರುವ ಬಸ್‌ಗಳಲ್ಲಿ ಕೊಟ್ಟ ಕಿಲೋವ್ಯಾಟ್ ಅಂತ ಒಂದು ಸ್ಥಿರ ಅಂಕಿ ಬರೆಯಬೇಡಿ. ಖಾಲಿ ಫ್ರೀಕ್ವೆನ್ಸಿಯಿಂದ ಈಗಿನ ಫ್ರೀಕ್ವೆನ್ಸಿ ಕಳೆದು, ಡ್ರೂಪ್‌ನಿಂದ ಭಾಗಿಸಿ, ಅದನ್ನು ಬರೆಯಿರಿ. ರಿಯಾಕ್ಟಿವ್‌ಗೂ ಹಾಗೆಯೇ: ಖಾಲಿ ವೋಲ್ಟೇಜ್‌ನಿಂದ ಈಗಿನ ವೋಲ್ಟೇಜ್ ಕಳೆದು, ವೋಲ್ಟೇಜ್ ಡ್ರೂಪ್‌ನಿಂದ ಭಾಗಿಸಿ. ನ್ಯೂಟನ್–ರಾಫ್ಸನ್ (ಅಂದಾಜನ್ನು ಸುತ್ತು ಸುತ್ತಿಗೂ ತಿದ್ದುವ ವಿಧಾನ) ಬಳಸುತ್ತಿದ್ದರೆ ಜಾಕೋಬಿಯನ್‌ಗೆ, ಅಂದರೆ ಆ ತಿದ್ದುಪಡಿಯ ಕೋಷ್ಟಕಕ್ಕೆ, ಫ್ರೀಕ್ವೆನ್ಸಿಯ ಒಂದು ಹೊಸ ಕಂಬಸಾಲು ಬರುತ್ತದೆ. ಇನ್ವರ್ಟರ್ ಬಸ್‌ಗಳಲ್ಲಿ ರಿಯಾಕ್ಟಿವ್‌ಗೂ ವೋಲ್ಟೇಜ್‌ಗೂ ಸಂಬಂಧಿಸಿದ ಜಾಗದಲ್ಲಿ ಒಂದು ಸಣ್ಣ ಕೂಡಿಕೆ ಬರುತ್ತದೆ. ಅಷ್ಟೇ. ಸಂಶೋಧನಾ ಪ್ರಬಂಧಗಳಲ್ಲಿ ಫ್ರೀಕ್ವೆನ್ಸಿ ಬದಲಾದಂತೆ ಕೇಬಲ್‌ನ ರಿಯಾಕ್ಟೆನ್ಸನ್ನೂ (ಎಸಿ ಕರೆಂಟ್‌ಗೆ ಕೇಬಲ್‌ನ ಕಾಂತಕ್ಷೇತ್ರ ಒಡ್ಡುವ ತಡೆಯನ್ನೂ) ಪ್ರತಿ ಸುತ್ತಿನಲ್ಲಿ ಬದಲಿಸುತ್ತಾರೆ. ನಿಮಗೆ ಅದು ಬೇಕಿಲ್ಲ. ನಿಮ್ಮ ಕೇಬಲ್‌ನಲ್ಲಿ ರಿಯಾಕ್ಟೆನ್ಸ್ ಎಷ್ಟು ಪುಟ್ಟದು ಅಂತ ಈಗಲೇ ಬರುತ್ತೇನೆ.

ಒಂದು ಎಚ್ಚರಿಕೆ. ಕಾಲೇಜಿನಲ್ಲಿ ಫಾಸ್ಟ್ ಡೀಕಪಲ್ಡ್ ವಿಧಾನ ಕಲಿತಿರುತ್ತೀರಿ. 1974ರಲ್ಲಿ ಸ್ಟಾಟ್ ಮತ್ತು ಅಲ್ಸಾಕ್ ಕೊಟ್ಟದ್ದು, ದೊಡ್ಡ ಟ್ರಾನ್ಸ್‌ಮಿಷನ್ ಗ್ರಿಡ್‌ಗೆ ಬಲು ವೇಗ. ಲೈನಿನ ರೆಸಿಸ್ಟೆನ್ಸ್ ಅದರ ರಿಯಾಕ್ಟೆನ್ಸ್‌ಗಿಂತ ತುಂಬಾ ಕಡಿಮೆ ಅನ್ನುವ ನಂಬಿಕೆಯ ಮೇಲೆ ಅದು ನಿಂತಿದೆ. ನಿಮ್ಮ 35 ಸ್ಕ್ವೇರ್ ಎಂಎಂ ಅಲ್ಯುಮಿನಿಯಂ ಕೇಬಲ್‌ಗೆ ಕಿಲೋಮೀಟರ್‌ಗೆ ರೆಸಿಸ್ಟೆನ್ಸ್ 0.868 ಓಮ್, ರಿಯಾಕ್ಟೆನ್ಸ್ ಸುಮಾರು 0.08. ಹತ್ತು ಪಟ್ಟು ಉಲ್ಟಾ! ಅಲ್ಲಿ ಆ ವಿಧಾನ ಒಂದೋ ನಿಲ್ಲದೆ ಸುತ್ತುತ್ತದೆ, ಇಲ್ಲವೇ ಎತ್ತೆತ್ತಲೋ ಹೋಗುತ್ತದೆ. 1967ರಲ್ಲಿ ಟಿನ್ನಿ ಮತ್ತು ಹಾರ್ಟ್ ಬಳಕೆಗೆ ತಂದ ಪೂರ್ಣ ನ್ಯೂಟನ್ ವಿಧಾನವನ್ನೇ ಇಟ್ಟುಕೊಳ್ಳಿ. ಆರು ಬಸ್‌ಗೆ ವೇಗದ ಆಸೆ ಯಾಕೆ?

ಜಾಕೋಬಿಯನ್ ಬೇಡ ಅನ್ನಿಸಿದರೆ ಎಕ್ಸೆಲ್‌ನಲ್ಲೇ ಮುಗಿಸಬಹುದು. ನನಗೆ ಈ ದಾರಿ ಜಾಸ್ತಿ ಇಷ್ಟ, ಏಕೆಂದರೆ ಒಳಗೆ ಏನಾಗುತ್ತಿದೆ ಅಂತ ಪ್ರತಿ ಹೆಜ್ಜೆಗೂ ಕಾಣುತ್ತದೆ. ಫ್ರೀಕ್ವೆನ್ಸಿ 50 ಅಂತ ಅಂದಾಜಿಸಿ. ಆಗ ದೊಡ್ಡದು 50 ಕಿಲೋವ್ಯಾಟ್, ಚಿಕ್ಕದು 25, ಒಟ್ಟು 75. ಬೇಕಾದದ್ದು 123. ಕೊರತೆ 48. ಅದನ್ನು 150ರಿಂದ ಭಾಗಿಸಿ, 0.32. ಫ್ರೀಕ್ವೆನ್ಸಿಯನ್ನು ಅಷ್ಟು ಇಳಿಸಿ, 49.68. ಮುಗಿಯಿತು, ಒಂದೇ ಹೆಜ್ಜೆ. ಈಗ ಹೊಸ ಕರೆಂಟ್‌ಗಳಿಂದ ಪ್ರತಿ ಕೇಬಲ್‌ನ ವೋಲ್ಟೇಜ್ ಇಳಿಕೆ ಮತ್ತು ನಷ್ಟ ಲೆಕ್ಕ ಹಾಕಿ. ಒಟ್ಟು ಸ್ವಲ್ಪ ಬದಲಾಗುತ್ತದೆ, ಮತ್ತೆ ಅದೇ ಭಾಗಾಕಾರ. ಎರಡು ಮೂರು ಸುತ್ತಿಗೆ ಅಂಕಿ ಕದಲದೆ ನಿಲ್ಲುತ್ತದೆ. ಯಾವುದಾದರೂ ಇನ್ವರ್ಟರ್ ತನ್ನ ಮಿತಿ ಮುಟ್ಟಿದರೆ ಮಾತ್ರ ಅದನ್ನು ಡ್ರೂಪ್ ಪಟ್ಟಿಯಿಂದ ತೆಗೆದು, ಮಿತಿಯ ಅಂಕಿಗೇ ಕಟ್ಟಿಹಾಕಿ, ಉಳಿದವರ ನಡುವೆ ಮತ್ತೆ ಹಂಚಬೇಕು.

ಇಷ್ಟರಲ್ಲಿ ಟ್ರಿಪ್ ಸಮಸ್ಯೆ ಬಗೆಹರಿಯಿತು. ಆದರೆ ನೀವು ಕೇಳದ ಇನ್ನೊಂದು ವಿಷಯ ಇದೆ. ನಿಮ್ಮ ಹಿಂದಿನ ಶೆಡ್‌ನ 150 ಮೀಟರ್ ಕೇಬಲ್ ಓದಿದಾಗಿನಿಂದ ಅದೇ ನನ್ನ ತಲೆಯಲ್ಲಿದೆ.

ಕಿಲೋವ್ಯಾಟ್ ಅಷ್ಟು ಚೊಕ್ಕವಾಗಿ 82–41 ಅಂತ ಹಂಚಿಕೆಯಾಯಿತು. ಯಾಕೆ? ಫ್ರೀಕ್ವೆನ್ಸಿ ಇಡೀ ಸ್ಟೋರೇಜ್‌ಗೆ ಒಂದೇ. ಮೇನ್ ಪ್ಯಾನೆಲ್‌ನಲ್ಲಿ ಅಳೆದರೂ 49.68, ಹಿಂದಿನ ಶೆಡ್‌ನಲ್ಲಿ ಅಳೆದರೂ 49.68. ಎಲ್ಲರೂ ಒಂದೇ ಗಡಿಯಾರ ನೋಡಿ ಕೆಲಸ ಮಾಡುತ್ತಿದ್ದಾರೆ. ವೋಲ್ಟೇಜ್ ಹಾಗಲ್ಲ. ಅದು ಪ್ರತಿ ಜಾಗದಲ್ಲೂ ಬೇರೆ. ರಿಯಾಕ್ಟಿವ್ ಪಾಲನ್ನು ಇನ್ವರ್ಟರ್‌ಗಳು ವೋಲ್ಟೇಜ್ ನೋಡಿ ತೀರ್ಮಾನಿಸುತ್ತವೆ, ಅಂದರೆ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಗಡಿಯಾರ. ಹಾಗಾಗಿ ಅದು ನ್ಯಾಯವಾಗಿ ಹಂಚಿಕೆಯಾಗುವುದೇ ಇಲ್ಲ.

ಎಷ್ಟು ಅನ್ಯಾಯ ಅಂತ ನೋಡೋಣ. ನಿಮ್ಮ ವೋಲ್ಟೇಜ್ ಡ್ರೂಪ್ ಬರೆದಿಲ್ಲ, ಆದ್ದರಿಂದ ಸಾಮಾನ್ಯವಾದ ಒಂದನ್ನು ಹಿಡಿಯುತ್ತೇನೆ: ಖಾಲಿ ಇದ್ದಾಗ 420 ವೋಲ್ಟ್, ಪೂರ್ತಿ ರಿಯಾಕ್ಟಿವ್ ಹೊರೆಗೆ 21 ವೋಲ್ಟ್ ಇಳಿಕೆ. ಪೂರ್ತಿ ಅಂದರೆ ದೊಡ್ಡದಕ್ಕೆ 60 ಕೆವಿಎಆರ್ (ರಿಯಾಕ್ಟಿವ್‌ನ ಅಳತೆ), ಚಿಕ್ಕದಕ್ಕೆ 30. ಎರಡು ಕಂಪ್ರೆಸರ್ ನಡೆಯುವಾಗ 45 ಕೆವಿಎಆರ್ ಬೇಕು ಅಂತಿಟ್ಟುಕೊಳ್ಳಿ. ನ್ಯಾಯವಾಗಿ ದೊಡ್ಡದು 30, ಚಿಕ್ಕದು 15 ಕೊಡಬೇಕು.

ಈಗ ಕೇಬಲ್ ನೋಡಿ. ಚಿಕ್ಕದರ 150 ಮೀಟರ್‌ಗೆ ರೆಸಿಸ್ಟೆನ್ಸ್ 0.13 ಓಮ್. ಅದರಲ್ಲಿ 41 ಕಿಲೋವ್ಯಾಟ್ ಹರಿದರೆ ವೋಲ್ಟೇಜ್ 13ರಷ್ಟು ಬೀಳುತ್ತದೆ. ದೊಡ್ಡದರ 20 ಮೀಟರ್‌ಗೆ ಬರೀ 0.0064 ಓಮ್. 82 ಕಿಲೋವ್ಯಾಟ್ ಹರಿದರೂ 1.3 ವೋಲ್ಟ್ ಅಷ್ಟೇ. ರಿಯಾಕ್ಟೆನ್ಸ್‌ನಿಂದ ಬೀಳುವುದು ಒಂದು ವೋಲ್ಟ್‌ಗೂ ಕಡಿಮೆ, ಬಿಟ್ಟುಬಿಡೋಣ. ಎರಡೂ ಕೊನೆಗೆ ಒಂದೇ ಪ್ಯಾನೆಲ್‌ಗೆ ಬರಬೇಕಾದ್ದರಿಂದ ಚಿಕ್ಕದು ತನ್ನ ಬಾಯಲ್ಲಿ ವೋಲ್ಟೇಜನ್ನು ದೊಡ್ಡದಕ್ಕಿಂತ ಸುಮಾರು 11.7 ವೋಲ್ಟ್ ಎತ್ತರದಲ್ಲಿ ಇಟ್ಟುಕೊಳ್ಳಲೇಬೇಕು. ಎತ್ತರದಲ್ಲಿ ಇಟ್ಟುಕೊಳ್ಳಬೇಕು ಅಂದರೆ ಡ್ರೂಪ್ ನಿಯಮದ ಪ್ರಕಾರ ರಿಯಾಕ್ಟಿವ್ ಕಡಿಮೆ ಕೊಡಬೇಕು. ಎರಡು ಸಮೀಕರಣ ಬಿಡಿಸಿದರೆ ದೊಡ್ಡದು 41, ಚಿಕ್ಕದು 4 ಕೆವಿಎಆರ್. 30–15 ಎಲ್ಲಿ, 41–4 ಎಲ್ಲಿ! ದೊಡ್ಡದರ ಒಟ್ಟು ಹೊರೆ, ಕಿಲೋವ್ಯಾಟೂ ಕೆವಿಎಆರೂ ಸೇರಿ, 92 ಕೆವಿಎ ಹತ್ತಿರ ಹೋಯಿತು. ಪ್ಯಾನೆಲ್‌ನಲ್ಲಿ 404 ವೋಲ್ಟ್. ಸದ್ಯ ನಡೆಯುತ್ತದೆ. ಆದರೆ ಮುಂದಿನ ವರ್ಷ ಇನ್ನೊಂದು ಕೋಣೆ ಕಟ್ಟಿಸಿ ಮೋಟರ್ ಹೆಚ್ಚಿಸಿದರೆ ಈ ಸಲ ದೊಡ್ಡದೇ ಮೊದಲು ಬೀಳುತ್ತದೆ, ಕಿಲೋವ್ಯಾಟ್ ಮೀಟರ್ ಮಾತ್ರ ಎಲ್ಲ ಸರಿ ಇದೆ ಅನ್ನುತ್ತಿರುತ್ತದೆ.

ಇಂಥದ್ದೊಂದನ್ನು ನಾನೇ ಅನುಭವಿಸಿದ್ದೇನೆ. ಕೆಲವು ವರ್ಷಗಳ ಹಿಂದೆ ಗದಗ ಕಡೆಯ ಒಂದು ಜಿನ್ನಿಂಗ್ ಘಟಕದಲ್ಲಿ ಎರಡು ಇನ್ವರ್ಟರ್ ಜೋಡಿಸಿದ್ದರು. ಯಂತ್ರಗಳೆಲ್ಲ ಬಂದ್ ಆಗಿದ್ದರೂ ಎರಡು ಕೇಬಲ್‌ಗಳಲ್ಲೂ ಕರೆಂಟ್ ಹರಿಯುತ್ತಿತ್ತು. ಕ್ಲ್ಯಾಂಪ್ ಮೀಟರ್ ಕೆಟ್ಟಿದೆ ಅಂತ ಅರ್ಧ ದಿನ ಕಳೆದೆವು. ಮೀಟರ್ ಚೆನ್ನಾಗಿಯೇ ಇತ್ತು. ಒಂದರ ಖಾಲಿ ವೋಲ್ಟೇಜ್ 415, ಇನ್ನೊಂದರದ್ದು 425 ಅಂತ ಯಾರೋ ಇಟ್ಟಿದ್ದರು. ಎತ್ತು ಏರಿಗೆ, ಕೋಣ ನೀರಿಗೆ. ಒಂದು ಕೊಟ್ಟದ್ದನ್ನು ಇನ್ನೊಂದು ನುಂಗುತ್ತಿತ್ತು. ಬ್ಯಾಟರಿ ರಾತ್ರಿಯೆಲ್ಲ ಸುಮ್ನೆ ಸೋರುತ್ತಿತ್ತು. ನೀವು ಮೊದಲ ಕೆಲಸವಾಗಿ ಎರಡರ ಖಾಲಿ ವೋಲ್ಟೇಜ್ ಒಂದೇ ಇದೆಯೇ ಅಂತ ನೋಡಿ.

ರಿಯಾಕ್ಟಿವ್ ಹಂಚಿಕೆ ಸರಿಪಡಿಸಲು ಎರಡು ದಾರಿ ಇವೆ. ಕೆಲವು ಇನ್ವರ್ಟರ್‌ಗಳಲ್ಲಿ ವರ್ಚುವಲ್ ಇಂಪೀಡೆನ್ಸ್ ಅಂತ ಸೆಟ್ಟಿಂಗ್ ಇರುತ್ತದೆ. ತನ್ನ ಮುಂದೆ ಇಲ್ಲದ ಕೇಬಲ್ ಇದೆ ಅಂತ ಇನ್ವರ್ಟರ್ ಭಾವಿಸಿಕೊಂಡು, ಕರೆಂಟ್ ಹೆಚ್ಚಿದಂತೆ ತನ್ನ ವೋಲ್ಟೇಜ್ ಇಳಿಸುತ್ತದೆ. ದೊಡ್ಡದಕ್ಕೆ 0.0586 ಓಮ್ ಹಾಗೆ ಕೊಟ್ಟರೆ ಒಟ್ಟು 0.065 ಆಗುತ್ತದೆ, ಅಂದರೆ ಚಿಕ್ಕದರ 0.13ರ ಸರಿಯಾಗಿ ಅರ್ಧ. ಆಗ ಇಬ್ಬರಿಗೂ 13 ವೋಲ್ಟ್ ಬೀಳುತ್ತದೆ, ರಿಯಾಕ್ಟಿವ್ 30–15 ಆಗಿಬಿಡುತ್ತದೆ. ಆದರೆ ಪ್ಯಾನೆಲ್ ವೋಲ್ಟೇಜ್ 404ರಿಂದ 396ಕ್ಕೆ ಇಳಿಯುತ್ತದೆ. ಹಂಚಿಕೆ ಸರಿಮಾಡಲು ಎಲ್ಲರನ್ನೂ ಕೆಳಗೆ ಎಳೆದ ಹಾಗಾಯಿತು. ಕಂಪ್ರೆಸರ್ ಮೋಟರ್‌ಗೆ ಇದು ಒಳ್ಳೆಯದಲ್ಲ. ವೋಲ್ಟೇಜ್ ಇಳಿದಷ್ಟೂ ಅದು ಕರೆಂಟ್ ಜಾಸ್ತಿ ಎಳೆದು ಬಿಸಿಯಾಗುತ್ತದೆ.

ನನ್ನನ್ನು ಕೇಳಿದರೆ ಕೇಬಲ್ ಬದಲಿಸಿ. ಹಿಂದಿನ ಶೆಡ್‌ಗೂ 95 ಸ್ಕ್ವೇರ್ ಎಂಎಂ ಎಳೆಯಿರಿ. ಅದರ ರೆಸಿಸ್ಟೆನ್ಸ್ ಕಿಲೋಮೀಟರ್‌ಗೆ 0.32 ಓಮ್, 150 ಮೀಟರ್‌ಗೆ 0.048. ಇಳಿಕೆ 13ರಿಂದ 4.8 ವೋಲ್ಟ್‌ಗೆ ಬರುತ್ತದೆ. ರಿಯಾಕ್ಟಿವ್ 33–12. ಪ್ಯಾನೆಲ್ ವೋಲ್ಟೇಜ್ 407. ಆ ಕೇಬಲ್‌ನ ನಷ್ಟ ಸುಮಾರು 1.3 ಕಿಲೋವ್ಯಾಟ್‌ನಿಂದ ಅರ್ಧ ಕಿಲೋವ್ಯಾಟ್‌ಗೆ ಇಳಿಯುತ್ತದೆ. ಇಲ್ಲಿ ತೆಗೆದುಕೊಂಡಿದ್ದೆಲ್ಲ 20 ಡಿಗ್ರಿಯ ರೆಸಿಸ್ಟೆನ್ಸ್. ಮೇ ತಿಂಗಳ ಬಿಸಿಲಲ್ಲಿ ತಗಡಿನ ಶೆಡ್‌ನ ಕೇಬಲ್‌ಗೆ ಅದು ಇನ್ನೂ ಜಾಸ್ತಿ, ಅಂದರೆ ಈಗಿನ ತೊಂದರೆಯೂ ನಾನು ಬರೆದದ್ದಕ್ಕಿಂತ ಜಾಸ್ತಿ. ಮಾಲೀಕರಿಗೆ ಕೇಬಲ್‌ನ ಖರ್ಚು ಒಪ್ಪಿಸುವುದು ಕಷ್ಟ ಅಂತ ಗೊತ್ತು. ಈ ನಾಲ್ಕು ಅಂಕಿಗಳನ್ನು ಹಿಡಿದುಕೊಂಡು ಹೋಗಿ.

ಡಿಜಿ ವಿಚಾರ. ಇಲ್ಲಿ ನಿಮ್ಮ ಹಳೆಯ ಪ್ರೋಗ್ರಾಂಗೆ ಒಂದು ಮರ್ಯಾದೆ ಸಲ್ಲಬೇಕು. ಇವತ್ತಿನ ಎಷ್ಟೋ ಡಿಜಿಗಳಲ್ಲಿ ಎಲೆಕ್ಟ್ರಾನಿಕ್ ಗವರ್ನರ್ ಇರುತ್ತದೆ. ಹೊರೆ ಎಷ್ಟೇ ಬಂದರೂ ಅದು ಫ್ರೀಕ್ವೆನ್ಸಿಯನ್ನು 50ರಲ್ಲೇ ಹಿಡಿಯುತ್ತದೆ. ಅಂಥ ಒಂದು ಡಿಜಿ ಚಾಲೂ ಇದ್ದರೆ, ತನ್ನ ಮಿತಿಯೊಳಗೆ ಅದು ನಿಜವಾದ ಸ್ಲಾಕ್. ಆದರೆ ಆಗ ಇನ್ವರ್ಟರ್‌ಗಳಿಗೆ ಏನಾಗುತ್ತದೆ ನೋಡಿ. 50 ಹರ್ಟ್ಜ್‌ಗೆ ದೊಡ್ಡದು ಯಾವಾಗಲೂ 50 ಕಿಲೋವ್ಯಾಟ್, ಚಿಕ್ಕದು 25. ಹೊರೆ 93 ಇದ್ದರೆ ಡಿಜಿಗೆ ಉಳಿಯುವುದು 18. ಡೀಸೆಲ್ ಸುರಿದು ಎಂಜಿನ್ ಓಡಿಸಿ ಬ್ಯಾಟರಿಯನ್ನೇ ಖಾಲಿ ಮಾಡಿದ ಹಾಗೆ. ರಾತ್ರಿ ಕಂಪ್ರೆಸರ್ ನಿಂತು ಹೊರೆ 60ಕ್ಕೆ ಇಳಿದರೆ ಡಿಜಿಯ ಪಾಲು ಸೊನ್ನೆಗಿಂತ 15 ಕೆಳಗೆ. ಇನ್ವರ್ಟರ್‌ಗಳೇ ಡಿಜಿಯನ್ನು ಮೋಟರ್‌ನಂತೆ ತಿರುಗಿಸುತ್ತವೆ! ರಿವರ್ಸ್ ಪವರ್ ರಿಲೇ ಇದ್ದರೆ ಟ್ರಿಪ್ ಆಗುತ್ತದೆ, ಇಲ್ಲದಿದ್ದರೆ ಎಂಜಿನ್‌ಗೆ ಪೆಟ್ಟು. ಡಿಜಿ ಸೇರಿದ ಕೂಡಲೇ ಇನ್ವರ್ಟರ್‌ಗಳ ಖಾಲಿ ಫ್ರೀಕ್ವೆನ್ಸಿಯನ್ನು 50.2ಕ್ಕೆ ಇಳಿಸಿ. ಆಗ ಅವು 20 ಮತ್ತು 10 ಕೊಡುತ್ತವೆ, ಡಿಜಿ 93ರಲ್ಲಿ 63 ಹೊರುತ್ತದೆ, 60ರಲ್ಲಿ 30. ಇನ್ನೂ ಇಳಿಸಿ 49.8 ಮಾಡಿದರೆ ಇನ್ವರ್ಟರ್‌ಗಳು 20 ಮತ್ತು 10 ಕಿಲೋವ್ಯಾಟ್‌ನಲ್ಲಿ ಬ್ಯಾಟರಿ ಚಾರ್ಜ್ ಮಾಡಿಕೊಳ್ಳುತ್ತವೆ. ಒಂದೇ ಅಂಕಿ ತಿರುಗಿಸಿ ಇಷ್ಟೆಲ್ಲ ಮಾಡಬಹುದು ಅನ್ನುವುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ. ಎರಡು ಡಿಜಿ ತಂದು ಎರಡನ್ನೂ 50ಕ್ಕೇ ಕಟ್ಟಬೇಡಿ. ಇಬ್ಬರು ಸ್ಲಾಕ್ ಒಂದೇ ನಡುಗಡ್ಡೆಯಲ್ಲಿ ಬಾಳುವುದಿಲ್ಲ.

ಸೋಲಾರ್ ಸುಲಭ. ಸಾಮಾನ್ಯ ರೂಫ್‌ಟಾಪ್ ಇನ್ವರ್ಟರ್ ಇದ್ದ ಫ್ರೀಕ್ವೆನ್ಸಿಯನ್ನು ಹಿಂಬಾಲಿಸುತ್ತದೆ, ತಾನು ಹುಟ್ಟಿಸುವುದಿಲ್ಲ. ಲೆಕ್ಕದಲ್ಲಿ ಅದನ್ನು ಮೈನಸ್ ಹೊರೆ ಅಂತ ಬರೆಯಿರಿ. ಹೊರೆ 60, ಸೋಲಾರ್ 90 ಇದ್ದರೆ ಮಿಕ್ಕ 30 ಬ್ಯಾಟರಿಗೆ ಹೋಗುತ್ತದೆ, ಫ್ರೀಕ್ವೆನ್ಸಿ 50.5ಕ್ಕಿಂತ ಮೇಲೇರಿ 50.7 ಆಗುತ್ತದೆ. ಬ್ಯಾಟರಿ ತುಂಬಿದ ಮಧ್ಯಾಹ್ನ ಆ 30ಕ್ಕೆ ಹೋಗಲು ದಾರಿ ಇಲ್ಲ. ಫ್ರೀಕ್ವೆನ್ಸಿ ಏರಿದಾಗ ತಾನೇ ತಗ್ಗುವ ಸೆಟ್ಟಿಂಗ್ ಸೋಲಾರ್ ಇನ್ವರ್ಟರ್‌ನಲ್ಲಿ ಇದೆಯೇ ಅಂತ ಕೊಳ್ಳುವ ಮೊದಲೇ ಕೇಳಿ.

ಡ್ರೂಪ್ ಬದಲಿಸಿದ ಮೇಲೆ ಮಾಲು ಕಡಿಮೆ ಇರುವ ಒಂದು ದಿನ ಪರೀಕ್ಷೆ ಮಾಡಿ. ಮೇನ್ ಬ್ರೇಕರ್ ತೆಗೆದು, ಒಂದೊಂದೇ ಹೊರೆ ಹಾಕುತ್ತಾ, ಪ್ರತಿ ಸಲ ಒಂದು ನಿಮಿಷ ಬಿಟ್ಟು ಫ್ರೀಕ್ವೆನ್ಸಿ, ಎರಡೂ ಇನ್ವರ್ಟರ್‌ಗಳ ಕಿಲೋವ್ಯಾಟ್, ಕೆವಿಎಆರ್ ಮತ್ತು ವೋಲ್ಟೇಜ್ ಬರೆದುಕೊಳ್ಳಿ. ಮೊದಲ ಕಂಪ್ರೆಸರ್‌ಗೆ 49.88, ಎರಡನೆಯದಕ್ಕೆ 49.68 ಬರಬೇಕು. ಫ್ರೀಕ್ವೆನ್ಸಿ ಮೀಟರ್ ಎರಡು ದಶಮಾಂಶ ತೋರಿಸುವಂಥದ್ದಿರಲಿ, ಪ್ರತಿ 0.01 ಹರ್ಟ್ಜ್‌ಗೆ 1.5 ಕಿಲೋವ್ಯಾಟ್. ಅದು 49.60 ತೋರಿಸಿದರೆ ನಿಮ್ಮ ಹೊರೆ 123 ಅಲ್ಲ, 135. ಆಗ ಪ್ರೋಗ್ರಾಂ ಬಿಟ್ಟು ಪ್ಯಾನೆಲ್ ಬಾಗಿಲು ತೆಗೆಯಿರಿ, ಆ 12 ಕಿಲೋವ್ಯಾಟ್ ಎಲ್ಲಿಂದ ಬಂತು ಅಂತ ಒಂದೊಂದೇ ಫೀಡರ್ ಹಿಡಿದು ನೋಡಿ.